ಹರ್ಬಲ್ ಕ್ರೀಮಿನ ಡಬ್ಬಿ ಮುಂದಿಟ್ಟುಕೊಂಡು ವಾದ ಮಾಡುವುದು ಹೇಗೆ

ಈ ವಾದ ಒಂದು ಸಲ ಶುರುವಾದರೆ ಮುಗಿಯುವುದೇ ಇಲ್ಲ. ಒಬ್ಬರು "ಅದರಲ್ಲಿ ಪ್ಯಾರಾಬೆನ್ ಇದೆಯಂತೆ, ಕ್ಯಾನ್ಸರ್ ಬರುತ್ತಂತೆ, ಬಿಸಾಕು" ಅನ್ನುತ್ತಾರೆ. (ಪ್ಯಾರಾಬೆನ್ ಅಂದರೆ ಕ್ರೀಮ್ ಕೆಡದಂತೆ ಹಾಕುವ ಒಂದು ಬಗೆಯ ಪ್ರಿಸರ್ವೇಟಿವ್.) ಇನ್ನೊಬ್ಬರು "ಡಬ್ಬಿ ಮೇಲೆ ಬೇವು, ಅರಿಶಿನ, ಲೋಳೆಸರದ ಚಿತ್ರ ಇದೆ, ಏನೂ ಆಗಲ್ಲ" ಅನ್ನುತ್ತಾರೆ. ಮೂರನೆಯವರು ಸರ್ಕಾರ ಲೈಸೆನ್ಸ್ ಕೊಟ್ಟಿದೆ ಅಲ್ವಾ, ಸುಮ್ನಿರಿ ಎಂದು ಎದ್ದು ಹೋಗುತ್ತಾರೆ. ಮೂವರಲ್ಲಿ ಒಬ್ಬರೂ ಡಬ್ಬಿಯನ್ನು ತಿರುಗಿಸಿ ನೋಡಿರುವುದಿಲ್ಲ.

ಈ ವಾದವನ್ನು ಸ್ವಲ್ಪ ಸರಿಯಾಗಿ ಆಡುವುದು ಹೇಗೆ ಎಂದು ಇಲ್ಲಿ ಬರೆಯುತ್ತಿದ್ದೇನೆ. ಯಾರು ಗೆದ್ದರು ಅನ್ನೋದು ನನಗೆ ಮುಖ್ಯ ಅಲ್ಲ. ಕೊನೆಗೆ ಆ ಡಬ್ಬಿ ಮುಖಕ್ಕೆ ಹೋಗಬೇಕೋ ಕಸದ ಬುಟ್ಟಿಗೆ ಹೋಗಬೇಕೋ ಎಂದು ತೀರ್ಮಾನ ಆದರೆ ಸಾಕು. ನನ್ನ ಪಕ್ಷ ಯಾವುದು ಅಂತ ಮೊದಲೇ ಹೇಳಿಬಿಡುತ್ತೇನೆ. ಡಬ್ಬಿಯ ಹಿಂದೆ ಬರೆದಿರುವ ಉದ್ದುದ್ದ ಹೆಸರುಗಳಿಗೆ ನಮ್ಮ ಜನ ಬೇಕಾದ್ದಕ್ಕಿಂತ ಜಾಸ್ತಿ ಹೆದರುತ್ತಾರೆ. ಬರೆಯದೇ ಬಿಟ್ಟಿರುವುದಕ್ಕೆ ಹೆದರುವುದೇ ಇಲ್ಲ.

ಮೊದಲು ಪ್ರಶ್ನೆಯನ್ನು ಚಿಕ್ಕದು ಮಾಡಿ

"ಕೆಮಿಕಲ್ ಕೆಟ್ಟದ್ದಾ?" ಅನ್ನುವ ಪ್ರಶ್ನೆಗೆ ಉತ್ತರವೇ ಇಲ್ಲ. ಹಾಗೆ ಯಾರಾದರೂ ಶುರು ಮಾಡಿದರೆ ಅಲ್ಲೇ ನಿಲ್ಲಿಸಿ, ನಾಲ್ಕು ವಿಷಯ ಕೇಳಿ. ಯಾವ ವಸ್ತು? ಎಷ್ಟು ಹಾಕಿದ್ದಾರೆ? ಮೈಯ ಯಾವ ಭಾಗಕ್ಕೆ ಹಚ್ಚುವುದು? ಹಚ್ಚಿಕೊಳ್ಳುವವರು ಯಾರು? ಅತಿಯಾದರೆ ಅಮೃತವೂ ವಿಷ ಎಂದು ನಾವೇ ಹೇಳುತ್ತೇವೆ, ಆದರೆ ಕ್ರೀಮಿನ ವಿಷಯ ಬಂದಾಗ ಮಾತ್ರ ಪ್ರಮಾಣವನ್ನು ಯಾರೂ ಕೇಳುವುದಿಲ್ಲ. ಶಾಂಪೂವಿನಲ್ಲಿದ್ದು ಎರಡು ನಿಮಿಷಕ್ಕೆ ತೊಳೆದುಹೋಗುವ ವಸ್ತು ಬೇರೆ, ಅದೇ ವಸ್ತು ಕ್ರೀಮಿನಲ್ಲಿ ರಾತ್ರಿಯಿಡೀ ಮುಖದ ಮೇಲೆ ಕೂರುವುದು ಬೇರೆ. ದೊಡ್ಡವರ ಅಂಗೈಗೆ ಹಚ್ಚುವುದು ಬೇರೆ, ಕೂಸಿನ ಡೈಪರ್ ಜಾಗಕ್ಕೆ ಹಚ್ಚುವುದು ಬೇರೆ. ಅಲ್ಲಿ ಚರ್ಮ ತೆಳು, ಒದ್ದೆ, ಮೇಲೆ ಮುಚ್ಚಿಟ್ಟಿರುತ್ತೇವೆ, ಹಾಗಾಗಿ ಒಳಗೆ ಹೋಗುವುದೂ ಜಾಸ್ತಿ.

ಇನ್ನೊಂದು ಕರಾರು ಹಾಕಿಕೊಳ್ಳಿ. ಆರೋಪ ಮಾಡುವವರು ವಸ್ತುವಿನ ಹೆಸರು ಹೇಳಬೇಕು. "ಏನೋ ಕೆಮಿಕಲ್" ನಡೆಯುವುದಿಲ್ಲ. ಸಮರ್ಥನೆ ಮಾಡುವವರಿಗೂ ಅಷ್ಟೇ, "ನ್ಯಾಚುರಲ್" ಅಂದರೆ ಸಾಲದು, ಯಾವ ಗಿಡ, ಗಿಡದ ಯಾವ ಭಾಗ, ಅದು ಕ್ರೀಮಿನಲ್ಲಿ ನಿಜವಾಗಿ ಎಷ್ಟಿದೆ ಎಂದು ಹೇಳಬೇಕು. ಇಷ್ಟು ಮಾಡಿದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಲೈಸೆನ್ಸ್ ಯಾವುದು ನೋಡಿ

ನಮ್ಮಲ್ಲಿ "ಹರ್ಬಲ್" ಅನ್ನುವ ಹೆಸರಿನ ಬೇರೆ ಲೈಸೆನ್ಸ್ ಇಲ್ಲ. ಕ್ರೀಮ್ ಎರಡು ದಾರಿಯಲ್ಲಿ ಅಂಗಡಿಗೆ ಬರುತ್ತದೆ. ಒಂದು, ಕಾಸ್ಮೆಟಿಕ್ ಆಗಿ. ಅದಕ್ಕೆ 2020ರ ಕಾಸ್ಮೆಟಿಕ್ಸ್ ನಿಯಮಗಳು ಅನ್ವಯಿಸುತ್ತವೆ. ಇನ್ನೊಂದು, ಆಯುರ್ವೇದ ಔಷಧಿಯಾಗಿ, 1940ರ ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ಕಾಯ್ದೆಯ ಆಯುರ್ವೇದದ ಭಾಗದ ಕೆಳಗೆ. ಎರಡೂ ಡಬ್ಬಿ ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಕೂತಿರುತ್ತವೆ, ಎರಡರ ಮೇಲೂ ಹಸಿರು ಎಲೆ ಇರುತ್ತದೆ. ಆದರೆ ಲೇಬಲ್ ಓದುವ ರೀತಿಯೇ ಬೇರೆ.

ಕಾಸ್ಮೆಟಿಕ್ ಆಗಿದ್ದರೆ ಒಳಗಿರುವ ಎಲ್ಲ ವಸ್ತುಗಳ ಪಟ್ಟಿ ಇರಬೇಕು. ಪ್ರಿಸರ್ವೇಟಿವ್, ಎಣ್ಣೆ ನೀರನ್ನು ಬೆರೆಸುವ ಎಮಲ್ಸಿಫೈಯರ್ ಎಲ್ಲ ಅದರಲ್ಲೇ ಬರುತ್ತವೆ. ಚಿಕ್ಕ ಪ್ಯಾಕಿಗೆ ವಿನಾಯಿತಿ ಇದೆ, ಆದ್ದರಿಂದ ಹತ್ತಿಪ್ಪತ್ತು ಗ್ರಾಮಿನ ಟ್ಯೂಬಿನಲ್ಲಿ ಪಟ್ಟಿ ಕಾಣದಿದ್ದರೆ ತಕ್ಷಣ ಮೋಸ ಅಂತ ಕೂಗಬೇಡಿ, ಅದೇ ಕ್ರೀಮಿನ ದೊಡ್ಡ ಡಬ್ಬಿ ತೆಗೆದು ನೋಡಿ.

ಆಯುರ್ವೇದ ಔಷಧಿಯಾಗಿದ್ದರೆ ಗಿಡಮೂಲಿಕೆಗಳ ಹೆಸರು, ಎಷ್ಟು ಮಿಲಿಗ್ರಾಂ ಎಂಬುದೆಲ್ಲ ಚೆನ್ನಾಗಿ ಬರೆದಿರುತ್ತದೆ. ಕೊನೆಯಲ್ಲಿ ಮಾತ್ರ "ಕ್ರೀಮ್ ಬೇಸ್, ಕ್ಯೂ.ಎಸ್." ಅಂತ ಎರಡು ಪದ. ಕ್ಯೂ.ಎಸ್. ಅಂದರೆ "ಬೇಕಾದಷ್ಟು". ಹತ್ತು ಗ್ರಾಂ ಕ್ರೀಮಿನಲ್ಲಿ ಮೂಲಿಕೆಗಳೆಲ್ಲ ಸೇರಿ ಒಂದು ಗ್ರಾಂ ಆದರೆ, ಉಳಿದ ಒಂಬತ್ತು ಗ್ರಾಂ ಆ ಎರಡು ಪದದಲ್ಲಿ ಅಡಗಿದೆ. ಇದರಲ್ಲಿ ಕಾನೂನು ಮುರಿದ ಹಾಗೇನೂ ಇಲ್ಲ, ಆಯುರ್ವೇದ ಔಷಧಿಗೂ ಪ್ರಿಸರ್ವೇಟಿವ್ ಮತ್ತು ಬಣ್ಣದಂಥ ಕೆಲವು ಪೂರಕ ವಸ್ತುಗಳನ್ನು ಸೇರಿಸಲು ನಿಯಮವೇ ಅವಕಾಶ ಕೊಡುತ್ತದೆ. ಆದರೆ ನಿಮಗೆ ಅಲರ್ಜಿ ಇದ್ದರೆ ನಿಮಗೆ ಬೇಕಾದ ಮಾಹಿತಿ ಇರುವುದು ಅಲ್ಲೇ. ಕಂಪನಿಗೆ ಒಂದು ಇಮೇಲ್ ಹಾಕಿ "ಬೇಸ್‌ನಲ್ಲಿ ಏನೇನಿದೆ, ಪ್ರಿಸರ್ವೇಟಿವ್ ಯಾವುದು?" ಎಂದು ಕೇಳಿ. ಒಳ್ಳೆಯ ಕಂಪನಿ ಉತ್ತರ ಕೊಡುತ್ತದೆ. ಉತ್ತರ ಬರದಿದ್ದರೆ ಅದೂ ಒಂದು ಉತ್ತರವೇ.

ಇನ್ನು ಮನೆಯಲ್ಲೇ ತಯಾರಿಸಿ ಇನ್‌ಸ್ಟಾಗ್ರಾಂನಲ್ಲಿ ಮಾರುವ ಕ್ರೀಮ್. ಮಾರುವುದಕ್ಕೆ ತಯಾರಿಸುತ್ತಿದ್ದರೆ ಅವರಿಗೂ ಲೈಸೆನ್ಸ್ ಬೇಕು. ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಯಾರಿಸಿದ ವಿಳಾಸ, ಯಾವಾಗಿನವರೆಗೆ ಬಳಸಬಹುದು ಎಂಬ ದಿನಾಂಕ, ಇವು ಯಾವುದೂ ಇಲ್ಲದ ಡಬ್ಬಿಯ ಬಗ್ಗೆ ನಾನು ವಾದವನ್ನೇ ಮಾಡುವುದಿಲ್ಲ. ಪರಿಚಯದವರು ಮಾಡಿದ್ದಾದರೂ ಅಷ್ಟೇ. ಮುಖ ನಮ್ಮದು.

ಪಟ್ಟಿ ಓದುವ ಒಂದು ಉಪಾಯ

ಕಾಸ್ಮೆಟಿಕ್ ಪಟ್ಟಿಯಲ್ಲಿ ಶೇಕಡಾ 1ಕ್ಕಿಂತ ಜಾಸ್ತಿ ಇರುವ ವಸ್ತುಗಳನ್ನು ಪ್ರಮಾಣದ ಪ್ರಕಾರ ಮೇಲಿಂದ ಕೆಳಗೆ ಬರೆಯಬೇಕು. ಶೇಕಡಾ 1 ಅಥವಾ ಅದಕ್ಕಿಂತ ಕಡಿಮೆ ಇರುವವನ್ನು ಆಮೇಲೆ ಯಾವ ಕ್ರಮದಲ್ಲಾದರೂ ಬರೆಯಬಹುದು. ಈಗ ಪಟ್ಟಿಯಲ್ಲಿ ಫಿನಾಕ್ಸಿಎಥನಾಲ್ ಎಲ್ಲಿದೆ ಹುಡುಕಿ. ಈ ಪ್ರಿಸರ್ವೇಟಿವ್‌ಗೆ ಯುರೋಪಿನಲ್ಲಿ ಶೇಕಡಾ 1ರ ಮಿತಿ ಇದೆ, ಬೇರೆ ಕಡೆಯೂ ಸಾಮಾನ್ಯವಾಗಿ ಅಷ್ಟರೊಳಗೇ ಹಾಕುತ್ತಾರೆ. ಅಂದರೆ ಅದರ ನಂತರ ಬರೆದಿರುವ ಎಲ್ಲವೂ ಶೇಕಡಾ 1ರ ಒಳಗೆ.

ಈಗ ಡಬ್ಬಿಯ ಮುಂಭಾಗದಲ್ಲಿ ದೊಡ್ಡದಾಗಿ ಹಾಕಿದ ಕೇಸರಿ, ಶ್ರೀಗಂಧ, ಮಂಜಿಷ್ಠ ಎಲ್ಲಿವೆ ನೋಡಿ. ಬಹಳ ಸಲ ಆ ಗೆರೆಯ ಕೆಳಗೇ ಇರುತ್ತವೆ. ಮೇಲೆ ಇರುವುದು ನೀರು, ಗ್ಲಿಸರಿನ್, ಸ್ಟಿಯರಿಕ್ ಆಸಿಡ್, ಸೀಟೈಲ್ ಆಲ್ಕೋಹಾಲ್, ಲಿಕ್ವಿಡ್ ಪ್ಯಾರಾಫಿನ್. (ಸೀಟೈಲ್ ಆಲ್ಕೋಹಾಲ್ ಅಂದರೆ ಕುಡಿಯುವ ಆಲ್ಕೋಹಾಲಿನಂತೆ ಚರ್ಮ ಒಣಗಿಸುವ ವಸ್ತು ಎಂದು ಹೆದರುವವರಿದ್ದಾರೆ. ಅದು ಮೇಣದಂಥ ಗಟ್ಟಿ ಪದಾರ್ಥ, ಚರ್ಮವನ್ನು ಮೆತ್ತಗೆ ಮಾಡುತ್ತದೆ.) ಸ್ವಲ್ಪವೇ ಇದ್ದರೂ ಕೆಲಸ ಮಾಡುವ ವಸ್ತುಗಳು ಇವೆ, ಅದು ನಿಜ. ಆದರೆ ಹಣ ಕೊಟ್ಟಿದ್ದು ಮೂಲಿಕೆಗೋ ಚಿತ್ರಕ್ಕೋ ಅನ್ನುವುದು ಈ ಉಪಾಯದಿಂದ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

"ಪ್ರಿಸರ್ವೇಟಿವ್ ಇಲ್ಲ" ಅಂದರೆ ಮೊದಲು ಖುಷಿಪಡಬೇಡಿ

ಕ್ರೀಮ್ ಅಂದರೆ ಎಣ್ಣೆ ಮತ್ತು ನೀರನ್ನು ಎಮಲ್ಸಿಫೈಯರ್ ಹಾಕಿ ಬೆರೆಸಿದ್ದು. ಹೆಚ್ಚಿನ ಕ್ರೀಮುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ. ನೀರಿದ್ದ ಕಡೆ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಬೂಸ್ಟು ಹಿಡಿಯುತ್ತದೆ. ಅದಕ್ಕೆ ಲೋಳೆಸರದ ತಿರುಳು, ಗಿಡದ ಕಷಾಯ, ಜೇನು ಸೇರಿಸಿದರೆ ಆ ಕ್ರಿಮಿಗಳಿಗೆ ಊಟ ಹಾಕಿದ ಹಾಗೆ. ಅಂದರೆ ಹರ್ಬಲ್ ಕ್ರೀಮಿಗೆ ಮಾಮೂಲಿ ಕ್ರೀಮಿಗಿಂತ ಗಟ್ಟಿಯಾದ ರಕ್ಷಣೆ ಬೇಕಾಗುತ್ತದೆ. ನಾವು ದಿನಾ ಬೆರಳು ಅದ್ದುತ್ತೇವೆ, ಬಚ್ಚಲುಮನೆಯ ಬಿಸಿ ಆವಿಯಲ್ಲಿ ಮುಚ್ಚಳ ತೆರೆದಿಡುತ್ತೇವೆ. ಸ್ಯೂಡೊಮೊನಾಸ್, ಸ್ಟ್ಯಾಫಿಲೊಕಾಕಸ್‌ನಂಥ ಬ್ಯಾಕ್ಟೀರಿಯಾ ಅಲ್ಲಿ ಬೆಳೆದರೆ ಕಣ್ಣಿಗೆ ಅಥವಾ ಗಾಯದ ಮೇಲೆ ಹಚ್ಚಿದವರಿಗೆ ನಿಜವಾದ ಸೋಂಕು ಆಗಬಹುದು. ಪ್ರಿಸರ್ವೇಟಿವ್‌ನಿಂದ ಆಗುವ ಅಪಾಯವನ್ನು ಈ ಅಪಾಯದ ಪಕ್ಕದಲ್ಲಿಟ್ಟು ತೂಗಬೇಕು. ಬರೀ ಒಂದನ್ನೇ ನೋಡಿದರೆ ಅದು ಅರ್ಧ ವಾದ.

ಇಲ್ಲಿ "ನಮ್ಮ ಅಜ್ಜಿ ಕಾಲದಲ್ಲಿ ಇದೆಲ್ಲ ಇರಲಿಲ್ಲ" ಅನ್ನುವ ಮಾತು ಬಂದೇ ಬರುತ್ತದೆ. ಇರಲಿಲ್ಲ, ಸರಿ. ಅಜ್ಜಿ ಕಡಲೆಹಿಟ್ಟು, ಅರಿಶಿನ, ಹಾಲಿನ ಕೆನೆ ಕಲಸಿ ಅವತ್ತೇ ಹಚ್ಚಿ ತೊಳೆದುಬಿಡುತ್ತಿದ್ದರು. ಅದನ್ನು ಡಬ್ಬಿಯಲ್ಲಿ ತುಂಬಿ ಎರಡು ವರ್ಷ ಇಟ್ಟುಕೊಳ್ಳುತ್ತಿರಲಿಲ್ಲ. ಇಟ್ಟುಕೊಳ್ಳಬೇಕಾದದ್ದನ್ನು ಎಣ್ಣೆಯಲ್ಲೋ ತುಪ್ಪದಲ್ಲೋ ಕಾಯಿಸಿ ನೀರಿನ ಅಂಶ ಹೋಗುವ ಹಾಗೆ ಮಾಡುತ್ತಿದ್ದರು. ಆಯುರ್ವೇದದ ತೈಲಗಳು, ಜೇನುಮೇಣ ಹಾಕಿದ ಮುಲಾಮುಗಳು ಕೆಡದೆ ಉಳಿಯುವ ಗುಟ್ಟು ಇದೇ. ಹಾಗಾಗಿ ನಿಮಗೆ ನಿಜವಾಗಿಯೂ ಪ್ರಿಸರ್ವೇಟಿವ್ ಬೇಡವೇ ಬೇಡ ಅಂದರೆ ಕ್ರೀಮ್ ಬಿಡಿ, ನೀರಿಲ್ಲದ ಮುಲಾಮು ಅಥವಾ ಎಣ್ಣೆ ತಗೊಳ್ಳಿ. ಒದ್ದೆ ಬೆರಳು ಮಾತ್ರ ಅದ್ದಬೇಡಿ. ನೀರೂ ಇದೆ, ಎರಡು ವರ್ಷ ಬಾಳಿಕೆಯೂ ಇದೆ, ಪ್ರಿಸರ್ವೇಟಿವ್ ಮಾತ್ರ ಇಲ್ಲ ಎಂದು ಹೇಳುವ ಡಬ್ಬಿಯನ್ನು ಅನುಮಾನದಿಂದ ನೋಡಿ.

"ನ್ಯಾಚುರಲ್ ಪ್ರಿಸರ್ವೇಟಿವ್" ಬಗ್ಗೆ ಒಂದು ಹಳೆಯ ಕಥೆ ಹೇಳಬೇಕು. ಗ್ರೇಪ್‌ಫ್ರೂಟ್ (ಚಕ್ಕೋತದಂಥ ಹಣ್ಣು) ಬೀಜದ ಸಾರ ಕ್ರಿಮಿ ಕೊಲ್ಲುತ್ತದೆ ಎಂದು ಬಹಳ ಪ್ರಚಾರ ಇತ್ತು. 1999ರಲ್ಲಿ ಜರ್ಮನಿಯ ಸಂಶೋಧಕರು ಅಂಗಡಿಯಲ್ಲಿ ಸಿಗುವ 6 ಸಾರಗಳನ್ನು ಪರೀಕ್ಷಿಸಿದರು. 5 ಕ್ರಿಮಿಗಳನ್ನು ಕೊಂದವು. ಆ 5ರಲ್ಲೂ ಬೆಂಜೆಥೋನಿಯಂ ಕ್ಲೋರೈಡ್ ಅನ್ನುವ ಕೃತಕ ಪ್ರಿಸರ್ವೇಟಿವ್ ಇತ್ತು, ಕೆಲವದರಲ್ಲಿ ಟ್ರೈಕ್ಲೋಸಾನ್ ಮತ್ತು ಮೀಥೈಲ್ ಪ್ಯಾರಾಬೆನ್ ಕೂಡ ಸಿಕ್ಕವು. ಏನೂ ಬೆರೆಸದ ಆರನೆಯದು ಯಾವ ಕ್ರಿಮಿಯನ್ನೂ ಕೊಲ್ಲಲಿಲ್ಲ!

ಪ್ಯಾರಾಬೆನ್ ವಾದ: ಇದನ್ನು ಪೂರ್ತಿ ಕಲಿತುಕೊಳ್ಳಿ

ಎಲ್ಲ ಜಗಳಗಳೂ ಕೊನೆಗೆ ಬಂದು ನಿಲ್ಲುವುದು ಇಲ್ಲೇ, ಆದ್ದರಿಂದ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಹೆದರುವವರ ಬಳಿ ಎರಡು ಆಧಾರ ಇವೆ. 1998ರಲ್ಲಿ ಬ್ರಿಟನ್ನಿನಲ್ಲಿ ನಡೆದ ಪರೀಕ್ಷೆಯಲ್ಲಿ ಪ್ಯಾರಾಬೆನ್‌ಗಳು ಈಸ್ಟ್ರೊಜೆನ್ ಹಾರ್ಮೋನಿನ ಹಾಗೆ ಸ್ವಲ್ಪ ವರ್ತಿಸುತ್ತವೆ ಎಂದು ಗೊತ್ತಾಯಿತು. 2004ರಲ್ಲಿ ಅಲ್ಲಿಯೇ ಇನ್ನೊಂದು ತಂಡ ಸ್ತನದ ಗಡ್ಡೆಗಳ 20 ಮಾದರಿಗಳಲ್ಲಿ ಪ್ಯಾರಾಬೆನ್ ಇರುವುದನ್ನು ಕಂಡಿತು. ಎರಡೂ ನಿಜ. ಇವನ್ನು ಸುಳ್ಳು ಎಂದು ತಳ್ಳಿಹಾಕುವವರು ವಾದದಲ್ಲಿ ಸೋಲುತ್ತಾರೆ.

ಈಗ ಉಳಿದರ್ಧ. 1998ರ ಪರೀಕ್ಷೆಯಲ್ಲಿ ಅತಿ ಜೋರಾಗಿ ವರ್ತಿಸಿದ ಬ್ಯುಟೈಲ್ ಪ್ಯಾರಾಬೆನ್ ಕೂಡ ನಮ್ಮ ದೇಹದ ಈಸ್ಟ್ರೊಜೆನ್‌ಗಿಂತ ಸುಮಾರು 10,000 ಪಟ್ಟು ದುರ್ಬಲವಾಗಿತ್ತು. ಮೀಥೈಲ್ ಪ್ಯಾರಾಬೆನ್ ಇನ್ನೂ ದುರ್ಬಲ. 2004ರ ಅಧ್ಯಯನದಲ್ಲಿ ಗಡ್ಡೆ ಇಲ್ಲದ ಆರೋಗ್ಯವಂತ ಅಂಗಾಂಶದ ಜೊತೆ ಹೋಲಿಕೆಯೇ ಇರಲಿಲ್ಲ. ಪ್ಯಾರಾಬೆನ್ ಅಲ್ಲಿ ಇತ್ತು ಅನ್ನುವುದಕ್ಕೂ ಪ್ಯಾರಾಬೆನ್‌ನಿಂದ ಗಡ್ಡೆ ಬಂತು ಅನ್ನುವುದಕ್ಕೂ ಬಹಳ ದೂರ. ಯಾರಾದರೂ ಅಧ್ಯಯನದ ಮಾತೆತ್ತಿದರೆ ಕೇಳಬೇಕಾದ್ದು ಇಷ್ಟು: ಪರೀಕ್ಷೆ ಮಾಡಿದ್ದು ಗಾಜಿನ ತಟ್ಟೆಯ ಜೀವಕೋಶದ ಮೇಲೋ, ಇಲಿಯ ಮೇಲೋ, ಮನುಷ್ಯರ ಮೇಲೋ? ತಿನ್ನಿಸಿದ್ದೋ, ಹಚ್ಚಿದ್ದೋ? ಯಾವುದಕ್ಕೆ ಹೋಲಿಸಿ ನೋಡಿದರು?

ಹಾಗಾದರೆ ಪೂರ್ತಿ ಸುರಕ್ಷಿತವಾ? ಹಾಗೂ ಹೇಳಲಾರೆ, ಯಾಕೆಂದರೆ ಪ್ಯಾರಾಬೆನ್ ಅಂದರೆ ಒಂದೇ ವಸ್ತುವಲ್ಲ. ಯುರೋಪ್ 2014ರಲ್ಲಿ ಐಸೊಪ್ರೊಪೈಲ್, ಐಸೊಬ್ಯುಟೈಲ್ ಸೇರಿ 5 ಬಗೆಯ ಪ್ಯಾರಾಬೆನ್‌ಗಳನ್ನು ಕಾಸ್ಮೆಟಿಕ್‌ನಿಂದ ಹೊರಗಿಟ್ಟಿತು. ಪ್ರೊಪೈಲ್ ಮತ್ತು ಬ್ಯುಟೈಲ್ ಸೇರಿ ಶೇಕಡಾ 0.14 ಮೀರಬಾರದು ಎಂದು ಬಿಗಿ ಮಾಡಿತು. 3 ವರ್ಷದೊಳಗಿನ ಮಕ್ಕಳ ಡೈಪರ್ ಜಾಗಕ್ಕೆ ಹಚ್ಚಿ ಬಿಡುವ ಕ್ರೀಮಿನಲ್ಲಿ ಇವೆರಡನ್ನೂ ಹಾಕುವ ಹಾಗೇ ಇಲ್ಲ ಎಂದಿತು. ಮೀಥೈಲ್ ಮತ್ತು ಈಥೈಲ್‌ಗೆ ಒಂದೊಂದಕ್ಕೆ ಶೇಕಡಾ 0.4ರ ಹಳೆಯ ಮಿತಿ ಹಾಗೇ ಉಳಿಯಿತು. ನನ್ನ ನಿಲುವು ಇದಕ್ಕೆ ಹತ್ತಿರ. ಮೀಥೈಲ್ ಪ್ಯಾರಾಬೆನ್ ಇದೆ ಎಂಬ ಒಂದೇ ಕಾರಣಕ್ಕೆ ದೊಡ್ಡವರ ಕ್ರೀಮನ್ನು ಬಿಸಾಕಬೇಕಿಲ್ಲ. ಕೂಸಿನ ಕ್ರೀಮಿನಲ್ಲಿ ಪ್ರೊಪೈಲ್, ಬ್ಯುಟೈಲ್ ಕಂಡರೆ ಬೇರೆ ತಗೊಳ್ಳಿ, ಬೇರೆ ಬೇಕಾದಷ್ಟು ಸಿಗುತ್ತವೆ.

ಇದಕ್ಕಿಂತ ಮುಖ್ಯವಾದದ್ದು ಪ್ಯಾರಾಬೆನ್ ತೆಗೆದ ಮೇಲೆ ಏನಾಯಿತು ಅನ್ನುವುದು. ಜನ ಹೆದರಿದರು, ಕಂಪನಿಗಳು "ಪ್ಯಾರಾಬೆನ್ ಫ್ರೀ" ಎಂದು ಬರೆದುಕೊಂಡವು. ಆದರೆ ಕ್ರೀಮ್ ಕೆಡಬಾರದಲ್ಲ, ಆ ಜಾಗಕ್ಕೆ ಹಲವರು ಮೀಥೈಲ್‌ಐಸೊಥಯಾಜೊಲಿನೋನ್ ಎಂಬ ಬೇರೆ ಪ್ರಿಸರ್ವೇಟಿವ್ ತಂದು ಹಾಕಿದರು. ಅದರಿಂದ ಯುರೋಪಿನಲ್ಲಿ ಚರ್ಮದ ಅಲರ್ಜಿ ಎಷ್ಟು ಏರಿತೆಂದರೆ, ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ ಅದನ್ನು 2013ರ "ವರ್ಷದ ಅಲರ್ಜಿಕಾರಕ" ಎಂದು ಹೆಸರಿಸಿತು. ಹಚ್ಚಿ ಬಿಡುವ ಕ್ರೀಮುಗಳಲ್ಲಿ ಅದನ್ನು ಬಳಸುವುದನ್ನು ಯುರೋಪ್ 2017ರಿಂದ ನಿಲ್ಲಿಸಿತು. ಅದೇ ಸೊಸೈಟಿ 2019ರಲ್ಲಿ ಪ್ಯಾರಾಬೆನ್‌ಗಳನ್ನು "ಅಲರ್ಜಿಕಾರಕ ಅಲ್ಲದ್ದು" ಎಂದು ಆರಿಸಿತು! ಅಲರ್ಜಿಯ ಮಟ್ಟಿಗೆ ಮಾತ್ರ, ಹಾರ್ಮೋನಿನ ಪ್ರಶ್ನೆಗೆ ಅದು ಉತ್ತರವಲ್ಲ. ಆದ್ದರಿಂದ "ಪ್ಯಾರಾಬೆನ್ ಫ್ರೀ" ಎಂದು ಯಾರಾದರೂ ಡಬ್ಬಿ ಎತ್ತಿ ತೋರಿಸಿದರೆ ಮರುಪ್ರಶ್ನೆ ಒಂದೇ: ಅದರ ಬದಲು ಏನು ಹಾಕಿದ್ದಾರೆ?

ಉಳಿದ ಪ್ರಿಸರ್ವೇಟಿವ್‌ಗಳನ್ನು ಬೇಗ ಮುಗಿಸುತ್ತೇನೆ. ಫಿನಾಕ್ಸಿಎಥನಾಲ್, ಸೋಡಿಯಂ ಬೆಂಜೊಯೇಟ್, ಪೊಟ್ಯಾಸಿಯಂ ಸಾರ್ಬೇಟ್ ಇದ್ದರೆ ಹೆಚ್ಚಿನವರಿಗೆ ತೊಂದರೆ ಇಲ್ಲ. ಡಿಎಂಡಿಎಂ ಹೈಡಾಂಟೊಯಿನ್, ಇಮಿಡಾಜೊಲಿಡಿನೈಲ್ ಯೂರಿಯಾ, ಡಯಾಜೊಲಿಡಿನೈಲ್ ಯೂರಿಯಾ, ಕ್ವಾಟರ್ನಿಯಂ-15, ಈ ನಾಲ್ಕು ನಿಧಾನವಾಗಿ, ಅಲರ್ಜಿ ತರಬಲ್ಲ ಫಾರ್ಮಾಲ್ಡಿಹೈಡ್ ಬಿಡುವ ಜಾತಿಯವು. ಅಲರ್ಜಿ ಇರುವವರು, ಚರ್ಮ ಒಡೆದಿರುವವರು ಇವನ್ನು ಬಿಡುವುದು ಒಳ್ಳೆಯದು. ನಾನು ಅಂಗಡಿಯಲ್ಲಿ ಹುಡುಕುವುದು ಈ ನಾಲ್ಕು ಹೆಸರು ಮತ್ತು "ಐಸೊಥಯಾಜೊಲಿನೋನ್" ಎಂದು ಮುಗಿಯುವ ಹೆಸರುಗಳು, ಅಷ್ಟೇ.

ಘಮಘಮ ಅನ್ನುವುದರ ಬಗ್ಗೆ ಯಾರೂ ಕೇಳುವುದಿಲ್ಲ

ಕ್ರೀಮಿನಿಂದ ಬರುವ ಅಲರ್ಜಿಗೆ ದೊಡ್ಡ ಕಾರಣಗಳಲ್ಲಿ ಸುವಾಸನೆಯೂ ಒಂದು. ಪಟ್ಟಿಯಲ್ಲಿ "ಪರ್ಫ್ಯೂಮ್" ಅಥವಾ "ಫ್ರಾಗ್ರೆನ್ಸ್" ಎಂಬ ಒಂದೇ ಪದ ಇರುತ್ತದೆ, ಅದರೊಳಗೆ ಹತ್ತಾರು ವಸ್ತುಗಳಿರಬಹುದು. ಹರ್ಬಲ್ ಪಕ್ಷದವರು ಇಲ್ಲಿ "ನಮ್ಮದು ಎಸೆನ್ಶಿಯಲ್ ಆಯಿಲ್, ಕೃತಕ ಅಲ್ಲ" ಅನ್ನುತ್ತಾರೆ. ಅಲರ್ಜಿಗೆ ಆ ವ್ಯತ್ಯಾಸ ಗೊತ್ತಿಲ್ಲ. ಲ್ಯಾವೆಂಡರಿನ ಲಿನಲೂಲ್, ನಿಂಬೆ ಕಿತ್ತಳೆಯ ಲಿಮೊನೀನ್, ಲವಂಗದ ಯೂಜಿನಾಲ್, ಮಜ್ಜಿಗೆಹುಲ್ಲಿನ ಸಿಟ್ರಾಲ್, ಇವೆಲ್ಲ ಗಿಡದಿಂದಲೇ ಬರುತ್ತವೆ. ಯುರೋಪ್ ಲೇಬಲ್ಲಿನಲ್ಲಿ ಬೇರೆಯಾಗಿ ಬರೆಯಲೇಬೇಕು ಎಂದು ಮೊದಲು ಗುರುತಿಸಿದ 26 ಅಲರ್ಜಿ ವಸ್ತುಗಳ ಪಟ್ಟಿಯಲ್ಲಿ ಇವೂ ಇವೆ. ಲಿನಲೂಲ್, ಲಿಮೊನೀನ್ ಗಾಳಿಗೆ ತೆರೆದು ಹಳೆಯದಾದಷ್ಟೂ ಕಾಟ ಜಾಸ್ತಿ.

ಗಿಡ ಅಂದರೆ ಮೃದು ಅನ್ನುವವರಿಗೆ ನಮ್ಮೂರಿನ ಉದಾಹರಣೆಗಳನ್ನೇ ಕೊಡಿ. ಗೋಡಂಬಿ ಸಿಪ್ಪೆಯ ಎಣ್ಣೆ ತಗುಲಿದರೆ ಬೊಬ್ಬೆ ಏಳುತ್ತದೆ, ಕರಾವಳಿಯವರಿಗೆ ಇದನ್ನು ಹೇಳಬೇಕಾಗಿಲ್ಲ. ಬಾವಂಚಿ ಬೀಜದಲ್ಲಿ ಸೊರಾಲೆನ್ ಇರುತ್ತದೆ, ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಡುತ್ತದೆ. ಮುಖಕ್ಕೆ ಹಸಿ ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೂ ಹಾಗೆ ಆಗಬಹುದು. ಇನ್ನು ಕಾಂಗ್ರೆಸ್ ಗಿಡ, ಅದೇ ಪಾರ್ಥೇನಿಯಂ, ಅದರಿಂದ ಮೈಕೈ ತುರಿಕೆ, ಕತ್ತು ಮುಖವೆಲ್ಲ ಕಪ್ಪಗಾದ ರೈತರನ್ನು ನೋಡದ ಊರು ನಮ್ಮಲ್ಲಿ ಕಡಿಮೆ. ಆ ಅಲರ್ಜಿ ಇರುವವರು ಒಂದು ವಿಷಯ ಗಮನಿಸಬೇಕು: ಕ್ಯಾಮೊಮೈಲ್, ಕ್ಯಾಲೆಂಡುಲಾ ಕೂಡ ಪಾರ್ಥೇನಿಯಂ ಕುಟುಂಬಕ್ಕೇ ಸೇರಿದ ಹೂಗಳು. "ಸೂಕ್ಷ್ಮ ಚರ್ಮಕ್ಕೆ" ಎಂದು ಬರೆದ ಹರ್ಬಲ್ ಕ್ರೀಮುಗಳಲ್ಲಿ ಇವೇ ಜಾಸ್ತಿ ಇರುತ್ತವೆ. ಒಂದಕ್ಕೆ ಒಗ್ಗದ ಚರ್ಮ ಇನ್ನೊಂದಕ್ಕೂ ಒಗ್ಗದೇ ಇರಬಹುದು.

ಲಿಕ್ವಿಡ್ ಪ್ಯಾರಾಫಿನ್ ಬಗ್ಗೆ ಜಾಸ್ತಿ ಸಮಯ ಹಾಳು ಮಾಡಬೇಡಿ. ಪೆಟ್ರೋಲಿಯಂನಿಂದ ಬರುತ್ತದೆ, ಹೌದು. ಶುದ್ಧಿ ಮಾಡದ ಅಥವಾ ಅರೆಬರೆ ಶುದ್ಧಿ ಮಾಡಿದ ಖನಿಜ ಎಣ್ಣೆ ಕ್ಯಾನ್ಸರ್ ತರುತ್ತದೆ, ಅದೂ ಹೌದು. ಕ್ರೀಮಿಗೆ ಬಳಸಬೇಕಾದ್ದು ಪೂರ್ತಿ ಶುದ್ಧಿ ಮಾಡಿದ್ದು, ಚರ್ಮದ ಡಾಕ್ಟರುಗಳು ಒಣ ಚರ್ಮಕ್ಕೆ ಅದನ್ನೇ ಬರೆದುಕೊಡುತ್ತಾರೆ. ಟ್ರೈಎಥನೊಲಮೈನ್ ಜೊತೆಗೆ ಬ್ರೊನೊಪಾಲ್ ಒಂದೇ ಪಟ್ಟಿಯಲ್ಲಿ ಇದ್ದರೆ ಮಾತ್ರ ಆ ಡಬ್ಬಿ ಬಿಡಿ. ಎರಡೂ ಸೇರಿದರೆ ನೈಟ್ರೋಸಮೈನ್ ಆಗುವ ಸಾಧ್ಯತೆ ಇರುತ್ತದೆ, ಅದು ಕ್ಯಾನ್ಸರ್ ತರಬಲ್ಲ ಜಾತಿ.

ಲೇಬಲ್ಲಿನಲ್ಲಿ ಇಲ್ಲದ್ದು

ಇಲ್ಲಿಯವರೆಗೆ ಹೇಳಿದ್ದೆಲ್ಲ ಬರೆದಿರುವುದರ ಬಗ್ಗೆ. ಈಗ ನಿಜವಾದ ಭಯದ ವಿಷಯ.

ಮಲಪ್ಪುರಂ ಜಿಲ್ಲೆ ನಮಗೆ ದೂರವೇನಲ್ಲ. ಅಲ್ಲಿನ ಕೊಟ್ಟಕ್ಕಲ್‌ನ ಒಂದು ಆಸ್ಪತ್ರೆಯ ಕಿಡ್ನಿ ಡಾಕ್ಟರುಗಳು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಮೆಂಬ್ರೇನಸ್ ನೆಫ್ರೋಪತಿ ಎಂಬ ಕಿಡ್ನಿ ರೋಗ ಬಂದ 22 ಜನರನ್ನು ನೋಡಿದರು. ಅವರಲ್ಲಿ 15 ಜನರದ್ದು ನೆಲ್-1 ಎಂಬ ಅಪರೂಪದ ಬಗೆ. ಆ 15ರಲ್ಲಿ 13 ಜನ ಮುಖ ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದರು. ಕಾರಣ ಆ ಕ್ರೀಮುಗಳಲ್ಲಿದ್ದ ಪಾದರಸ. ಕ್ರೀಮ್ ನಿಲ್ಲಿಸಿದ ಮೇಲೆ ಹೆಚ್ಚಿನವರಿಗೆ ವಾಸಿಯಾಯಿತು. 2023ರಲ್ಲಿ ಕೇರಳದ ಔಷಧ ನಿಯಂತ್ರಣ ಇಲಾಖೆ "ಆಪರೇಷನ್ ಸೌಂದರ್ಯ" ಹೆಸರಿನಲ್ಲಿ ಅಂಗಡಿಗಳ ತಪಾಸಣೆ ಮಾಡಿತು. ನಮ್ಮ ನಿಯಮದ ಪ್ರಕಾರ, ಕಣ್ಣಿಗೆ ಹಚ್ಚುವ ಸಾಮಾನು ಬಿಟ್ಟರೆ, ತಿಳಿಯದೆ ಸೇರಿದ ಪಾದರಸ ಕೂಡ 1 ಪಿಪಿಎಂ ಮೀರುವ ಹಾಗಿಲ್ಲ. ಅಂದರೆ 10 ಲಕ್ಷ ಭಾಗದಲ್ಲಿ 1 ಭಾಗ.

ಪ್ಯಾರಾಬೆನ್ ಬಗ್ಗೆ ವರ್ಷಗಟ್ಟಲೆ ಜಗಳ ಆಡುವ ಮನೆಯಲ್ಲೇ ಗಲ್ಫ್‌ನಿಂದ ಯಾರೋ ತಂದುಕೊಟ್ಟ, ಪಟ್ಟಿಯೂ ವಿಳಾಸವೂ ಇಲ್ಲದ ಬಿಳುಪಿನ ಕ್ರೀಮ್ ಕನ್ನಡಿಯ ಮುಂದೆ ಇರುತ್ತದೆ. ಇದು ನನಗೆ ಅರ್ಥವಾಗದ ಸಂಗತಿ. ಪಾದರಸದ ಸುಳಿವು ಹೀಗಿರುತ್ತದೆ: ಒಂದೆರಡು ವಾರದಲ್ಲೇ ಮುಖ ಬೆಳ್ಳಗಾಗುವುದು, ಬೆಳಕಿಗೆ ಇಟ್ಟರೆ ಕ್ರೀಮ್ ಬೂದು ಬಣ್ಣಕ್ಕೆ ತಿರುಗುವುದು, ಚಿನ್ನ ಬೆಳ್ಳಿಗೆ ತಗುಲಿಸಬೇಡಿ ಎಂಬ ಎಚ್ಚರಿಕೆ, ಪಟ್ಟಿಯಲ್ಲಿ ಕ್ಯಾಲೊಮೆಲ್ ಅಥವಾ ಮರ್ಕ್ಯುರಸ್ ಕ್ಲೋರೈಡ್ ಎಂಬ ಹೆಸರು. ಸುಳಿವು ಇಲ್ಲ ಎಂದ ಮಾತ್ರಕ್ಕೆ ಪಾದರಸ ಇಲ್ಲ ಎಂದು ತಿಳಿಯಬೇಡಿ, ಲ್ಯಾಬಿನಲ್ಲಿ ಮಾತ್ರ ಖಚಿತವಾಗುತ್ತದೆ. ಅಂಥ ಕ್ರೀಮನ್ನು ಹಚ್ಚಿಕೊಂಡ ತಾಯಿಯಿಂದ ಮಗುವಿಗೂ ತಗುಲುತ್ತದೆ.

ಎರಡನೆಯದು ಸ್ಟೆರಾಯ್ಡ್. 1999ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಅಧ್ಯಯನದಲ್ಲಿ ಚರ್ಮರೋಗಕ್ಕೆ ಕೊಡುತ್ತಿದ್ದ 11 ಚೀನೀ ಹರ್ಬಲ್ ಕ್ರೀಮುಗಳನ್ನು ಪರೀಕ್ಷಿಸಿದರು. 8ರಲ್ಲಿ ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡ್ ಸಿಕ್ಕಿತು. ಮೂಲಿಕೆ ಕ್ರೀಮ್ ಮೂರೇ ದಿನಕ್ಕೆ ಇಸುಬು ವಾಸಿ ಮಾಡಿತು, ಬಿಟ್ಟ ತಕ್ಷಣ ಮುಖ ಕೆಂಪಾಗಿ ಉರಿಯಿತು, ಮತ್ತೆ ಹಚ್ಚಿದರೆ ಸರಿಯಾಯಿತು ಅನ್ನುವ ಕಥೆ ಕೇಳಿದರೆ ನನಗೆ ಮೊದಲು ನೆನಪಾಗುವುದು ಇದೇ. ದಿನ ಕಳೆದಂತೆ ಚರ್ಮ ತೆಳುವಾಗುತ್ತದೆ, ಕೆನ್ನೆಯ ಮೇಲೆ ಸಣ್ಣ ರಕ್ತನಾಳ ಕಾಣುತ್ತದೆ, ಕೂದಲು ಬೆಳೆಯುತ್ತದೆ, ಮೊಡವೆ ಏಳುತ್ತದೆ. ಅನುಮಾನ ಬಂದರೆ ಡಬ್ಬಿ ಸಮೇತ ಚರ್ಮದ ಡಾಕ್ಟರ ಹತ್ತಿರ ಹೋಗಿ. ಬಹಳ ದಿನ ಹಚ್ಚಿದ್ದರೆ ಹೇಗೆ ಬಿಡಬೇಕು ಎಂದು ಅವರನ್ನೇ ಕೇಳಿ, ಯಾಕೆಂದರೆ ದಿಢೀರನೆ ಬಿಟ್ಟಾಗ ಉರಿ ತಡೆಯಲಾರದೆ ಮತ್ತೆ ಅದನ್ನೇ ಹಚ್ಚುವವರು ಜಾಸ್ತಿ.

ಕೊನೆಗೆ ತೀರ್ಪು ಕೊಡುವುದು ಮೊಣಕೈ

ಪಟ್ಟಿ ನೋಡಿ, ವಾದ ಮುಗಿದು, ಹಚ್ಚೋಣ ಅಂತಾದರೆ ಮೊದಲು ಮುಖಕ್ಕೆ ಬೇಡ. ಮೊಣಕೈ ಒಳಭಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆ ಎರಡು ಸಲ, 7ರಿಂದ 10 ದಿನ ಹಚ್ಚಿ ನೋಡಿ. ಒಂದು ಸಲ ಹಚ್ಚಿ ಅರ್ಧ ಗಂಟೆ ಕಾದು "ಏನೂ ಆಗಿಲ್ಲ" ಅನ್ನುವುದು ಪರೀಕ್ಷೆಯಲ್ಲ. ಅಲರ್ಜಿ ಎರಡು ಮೂರು ದಿನ ಬಿಟ್ಟು ಬರಬಹುದು, ಇನ್ನೂ ತಡವಾಗಿಯೂ ಬರಬಹುದು. ವರ್ಷಗಟ್ಟಲೆ ಹಚ್ಚಿದ್ದಕ್ಕೂ ಒಂದು ದಿನ ಶುರುವಾಗಬಹುದು, ಆದ್ದರಿಂದ "ನಾನು ಇದನ್ನೇ ಹಚ್ಚೋದು, ನನಗೇನೂ ಆಗಿಲ್ಲ" ಅನ್ನುವ ಚಿಕ್ಕಮ್ಮನ ಮಾತು ಚಿಕ್ಕಮ್ಮನ ಚರ್ಮಕ್ಕೆ ಮಾತ್ರ, ಅದೂ ಇವತ್ತಿನವರೆಗೆ ಮಾತ್ರ ಅನ್ವಯ.

ತುರಿಕೆ, ದದ್ದು, ಉರಿ ಬಂದರೆ ನಿಲ್ಲಿಸಿ. "ವಿಷ ಹೊರಗೆ ಬರುತ್ತಿದೆ, ಮುಂದುವರಿಸಿ" ಎಂದು ಮಾರುವವರು ಹೇಳಿದರೆ ಕೇಳಬೇಡಿ. ಮತ್ತೆ ಮತ್ತೆ ಹೀಗಾಗುತ್ತಿದ್ದರೆ ಚರ್ಮದ ಡಾಕ್ಟರ ಬಳಿ ಪ್ಯಾಚ್ ಟೆಸ್ಟ್ ಮಾಡಿಸಿ. ಬೆನ್ನಿನ ಮೇಲೆ ಬೇರೆ ಬೇರೆ ವಸ್ತು ಹಾಕಿದ ಟೇಪ್ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡುತ್ತಾರೆ, ಆಮೇಲೆ ಒಂದೆರಡು ದಿನಕ್ಕೆ ಇನ್ನೊಮ್ಮೆ ನೋಡುತ್ತಾರೆ. ನಮ್ಮ ದೇಶದಲ್ಲಿ ಬಳಸುವ ಸೆಟ್ಟಿನಲ್ಲಿ ಪ್ಯಾರಾಬೆನ್, ಸುವಾಸನೆಯ ಮಿಶ್ರಣ, ಪಾರ್ಥೇನಿಯಂ ಎಲ್ಲವೂ ಇರುತ್ತವೆ. ಯಾವುದು ಒಗ್ಗುವುದಿಲ್ಲ ಎಂದು ಹೆಸರು ಹಿಡಿದು ಗೊತ್ತಾದರೆ ಮುಂದೆ ಅಂಗಡಿಯಲ್ಲಿ ಆ ಒಂದು ಹೆಸರು ಹುಡುಕಿದರೆ ಸಾಕು.

ಡಬ್ಬಿ, ಹೊರಗಿನ ರಟ್ಟಿನ ಪೆಟ್ಟಿಗೆ, ಬಿಲ್ಲು, ಮೂರನ್ನೂ ಇಟ್ಟುಕೊಳ್ಳಿ. ಉಳಿದ ಕ್ರೀಮನ್ನು ಚೆಲ್ಲಬೇಡಿ. ಬ್ಯಾಚ್ ನಂಬರ್ ಕಾಣುವ ಹಾಗೆ ಒಂದು ಫೋಟೊ, ಚರ್ಮದ್ದು ದಿನಕ್ಕೊಂದು ಫೋಟೊ ತೆಗೆದಿಡಿ. ಕಾಸ್ಮೆಟಿಕ್ ಆಗಿದ್ದರೆ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಗೆ, ಆಯುರ್ವೇದ ಔಷಧಿಯಾಗಿದ್ದರೆ ಆಯುಷ್ ಇಲಾಖೆಗೆ ದೂರು ಬರೆಯಬಹುದು. ಔಷಧಿಗಳ ಅಡ್ಡಪರಿಣಾಮ ತಿಳಿಸಲು ದೇಶಕ್ಕೆಲ್ಲ ಒಂದು ಉಚಿತ ನಂಬರ್ ಇದೆ, 1800-180-3024. ಕ್ರೀಮಿನಲ್ಲಿ ಕದ್ದು ಸ್ಟೆರಾಯ್ಡ್ ಬೆರೆಸಿದ್ದಾರೆ ಎಂದು ಅನಿಸಿದರೆ ಅಲ್ಲಿಗೂ ಹೇಳಿ. ಫೋನ್ ಮಾಡುವಾಗ ಡಬ್ಬಿ ಕೈಯಲ್ಲೇ ಇರಲಿ, ಮೊದಲು ಕೇಳುವುದು ಅದರ ಮೇಲಿರುವ ವಿವರಗಳನ್ನೇ.